‘ಅನಿಸುತಿದೆ’ ಹಾಡು ಯಾರದು? ಕ್ಯಾಲಿಫೋರ್ನಿಯಾದಿಂದ ಸವದತ್ತಿ ಮದುವಿ ಮಂಟಪದ ತನಕ

ಬೈಲಹೊಂಗಲದಿಂದ ಮಾತಾಡಾಕತ್ತೀನಿ. ಇವತ್ತಿನ ಎಪಿಸೋಡ್ ಪೂರ್ತಿ ಒಂದ ಹಾಡಿನ ಮ್ಯಾಲ ಐತಿ. ಆದ್ರ ಆ ಹಾಡು ಇದರಾಗ ಒಂದ ಸೆಕೆಂಡೂ ಬರಂಗಿಲ್ಲ. ಇಯರ್‌ಫೋನ್ ಕೆಟ್ಟೈತಿ ಅಂತ ಜಗ್ಗಬ್ಯಾಡ್ರಿ, ಬೇಕಂತನ ಹಾಕಿಲ್ಲ. ಯಾಕ ಅನ್ನೋದು ಮುಂದ ಗೊತ್ತಾಗತೈತಿ. ಅದರಾಗ ರೊಕ್ಕದ ಲೆಕ್ಕನೂ ಐತಿ, ಬಿಕಾಂ ಓದಿದ್ದು ಇಂಥಲ್ಲೆ ಉಪಯೋಗಕ್ಕ ಬರತೈತಿ.

ಹಾಡು ಯಾವುದಂದ್ರ ‘ಮುಂಗಾರು ಮಳೆ’ ಸಿನಿಮಾದ ‘ಅನಿಸುತಿದೆ’. ಇದನ್ನ ತಗೊಳ್ಳಾಕ ಕಾರಣ ಸವದತ್ತಿಯಿಂದ ಬಂದ ಒಂದು ವಾಯ್ಸ್ ನೋಟ್. ಹುಡುಗ ಆರ್ಕೆಸ್ಟ್ರಾದಾಗ ಹಾಡತಾನ. “ಅಕ್ಕಾರ, ಮದುವಿ, ಕುಬಸ, ಜಾತ್ರಿ, ಎಲ್ಲಾ ಕಡೆ ಈ ಹಾಡು ಹಾಡೇನಿ. ಯಾರೂ ಏನೂ ಅಂದಿಲ್ಲ. ಮೊಬೈಲ್‌ನಾಗ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದ ಕೂಡ್ಲೆ ಕಾಪಿರೈಟ್ ಕ್ಲೇಮ್ ಬಂತ್ರಿ. ದನಿ ನಂದು, ಮೊಬೈಲ್ ನಂದು. ಹಂಗಾರ ಹಾಡು ಯಾರದು?” ಪ್ರಶ್ನೆ ಸಣ್ಣದು ಕಾಣತೈತಿ, ಆದ್ರ ಅವನ ಹೊಟ್ಟಿಪಾಡು ಇರೋದ ಹಾಡೋದರಾಗ. ಅದಕ್ಕ ಮೊದಲಿಂದ ಹೇಳತೀನಿ.

2006ರ ಡಿಸೆಂಬರ್ 29ರಂದು ‘ಮುಂಗಾರು ಮಳೆ’ ಬಿಡುಗಡೆಯಾಯಿತು. ನಿರ್ದೇಶಕ ಯೋಗರಾಜ್ ಭಟ್, ನಿರ್ಮಾಪಕ ಇ. ಕೃಷ್ಣಪ್ಪ. ಭಟ್ಟರು ಅದಕ್ಕೂ ಮೊದಲು ‘ಮಣಿ’, ‘ರಂಗ ಎಸ್ಸೆಸ್ಸೆಲ್ಸಿ’ ಮಾಡಿದ್ದರು. ಗಣೇಶ್ ಅಂದರೆ ಆಗ ಜನಕ್ಕೆ ಟಿವಿಯ ‘ಕಾಮಿಡಿ ಟೈಮ್’ ಹುಡುಗ. ಅಂದ್ರ ದೊಡ್ಡ ಸ್ಟಾರ್ ಇರಲಿಲ್ಲ, ಫೈಟಿನ ಅಬ್ಬರ ಇರಲಿಲ್ಲ. ಸಕಲೇಶಪುರ, ಮಡಿಕೇರಿ ಕಡೆಯ ಮಳೆ ಇತ್ತು, ಹಾಡುಗಳಿದ್ದವು. ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಆ ಸಿನಿಮಾ ಒಂದು ವರ್ಷಕ್ಕೂ ಹೆಚ್ಚು ಓಡಿತು. ಆಮೇಲೆ ತೆಲುಗಿಗೆ, ಬಂಗಾಳಿಗೆ ರೀಮೇಕ್ ಆಗಿ ಹೋಯಿತು.

ಆ ಹಾಡನ್ನ ಮಾಡಿದ ಮೂರು ಮಂದಿ ಮೂರು ದಿಕ್ಕಿನವರು. ಸಂಗೀತ ಮನೋಮೂರ್ತಿ ಅವರದು. ಅವರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಎಂಜಿನಿಯರ್, ಅಲ್ಲಿ ಟೆಕ್ ಕಂಪನಿ ಕಟ್ಟಿದವರು. ಸಿನಿಮಾ ಸಂಗೀತ ಅವರ ಎರಡನೇ ಬದುಕು ಅನ್ನಬಹುದು. ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಅಮೆರಿಕಾ ಅಮೆರಿಕಾ’ ಹಾಡುಗಳೂ ಇವರವೇ. ಸಾಹಿತ್ಯ ಜಯಂತ ಕಾಯ್ಕಿಣಿ ಅವರದು. ಗೋಕರ್ಣದವರು, 1955ರಲ್ಲಿ ಹುಟ್ಟಿದವರು. ಓದಿದ್ದು ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಅದೂ ಬಯೋಕೆಮಿಸ್ಟ್ರಿ. ಮುಂಬೈನಲ್ಲಿ ಔಷಧಿ ಕಂಪನಿಯ ಕೆಲಸ ಮಾಡುತ್ತಲೇ ಕಥೆ, ಕವಿತೆ ಬರೆದರು. 19ನೇ ವಯಸ್ಸಿಗೇ ಮೊದಲ ಕವನ ಸಂಕಲನಕ್ಕೆ ರಾಜ್ಯ ಸಾಹಿತ್ಯ ಅಕಾಡೆಮಿ ಬಹುಮಾನ ಬಂದಿತ್ತು. ಹಾಡಿದವರು ಸೋನು ನಿಗಮ್, ಅವರ ಮಾತೃಭಾಷೆ ಕನ್ನಡ ಅಲ್ಲ. ಇನ್ನ ಭಟ್ಟರು ಬೆಳೆದದ್ದು ಹಾನಗಲ್ ತಾಲೂಕಿನ ತಿಳವಳ್ಳಿಯಲ್ಲಿ. ಹಂಗಾಗಿ ಈ ಹಾಡಿಗೆ ಉತ್ತರ ಕರ್ನಾಟಕದ ಗಾಳಿ ಸ್ವಲ್ಪ ತಾಗೇತಿ ಅಂತ ನಾನು ಹಠ ಮಾಡಿ ಹೇಳತೀನಿ. ನೀವು ಒಪ್ಪದಿದ್ರೂ ನಡೀತೈತಿ.

ಈಗ ಒಂದು ಶಬ್ದ ಹೇಳತೀನಿ, ಸಾಫ್ಟ್ ರಾಕ್. 1960ರ ದಶಕದ ಕೊನೆಗೆ, 70ರ ದಶಕದಲ್ಲಿ ಅಮೆರಿಕದ ರೇಡಿಯೋಗಳಲ್ಲಿ ಬೆಳೆದ ಶೈಲಿ ಇದು. ರಾಕ್ ಸಂಗೀತದ ಗಿಟಾರ್, ಡ್ರಮ್ಸ್ ಇರುತ್ತವೆ, ಆದರೆ ಅಬ್ಬರ ಇಳಿಸಿ ಗಾಯಕರ ದನಿಯನ್ನು ಮುಂದೆ ತರುತ್ತಾರೆ. ಕಾರ್ಪೆಂಟರ್ಸ್ ಅನ್ನೋ ಅಣ್ಣ-ತಂಗಿ ಜೋಡಿ, ಬ್ರೆಡ್ ಅನ್ನೋ ಬ್ಯಾಂಡ್ ಇದಕ್ಕೆ ಹೆಸರುವಾಸಿ. ಈ ಜಾತಿಯ ಪ್ರೇಮಗೀತೆಗೆ ಸಿನಿಮಾ ಸಿಕ್ಕರೆ ಅದರ ಓಟವೇ ಬೇರೆ. 1991ರಲ್ಲಿ ರಾಬಿನ್ ಹುಡ್ ಸಿನಿಮಾಕ್ಕೆ ಬ್ರಯಾನ್ ಆಡಮ್ಸ್ ಹಾಡಿದ ಹಾಡು ಬ್ರಿಟನ್ನಿನಲ್ಲಿ ಸತತ 16 ವಾರ ಮೊದಲ ಸ್ಥಾನದಲ್ಲಿತ್ತು. ‘ಅನಿಸುತಿದೆ’ಯನ್ನ ನೂರಕ್ಕೆ ನೂರು ಸಾಫ್ಟ್ ರಾಕ್ ಅನ್ನಾಕ ಬರಂಗಿಲ್ಲ, ನಮ್ಮ ಭಾವಗೀತೆಯ ರಕ್ತ ಅದರಾಗ ಭಾಳ ಐತಿ. ಆದರೆ ಕೆಲಸ ಅದೇ. ಕೂಗಬ್ಯಾಡ, ಕಿವಿ ಹತ್ರ ಬಂದು ಹೇಳು.

ಸಿನಿಮಾ ಹಾಡಿನಲ್ಲಿ ಸಾಮಾನ್ಯವಾಗಿ ಟ್ಯೂನ್ ಮೊದಲು, ಮಾತು ಆಮೇಲೆ. ಕಾಯ್ಕಿಣಿಯವರೂ ಟ್ಯೂನಿಗೆ ಬರೆಯುವವರು. ಇದು ಎಷ್ಟು ಕಷ್ಟ ಅಂದ್ರ, ಕನ್ನಡದಾಗ ಒಂದು ಸ್ವರ ಎಳೆದ್ರ ಅರ್ಥನ ಬದಲಾಗತೈತಿ. ‘ಬಳೆ’ ಅಂತ ಬರೆದಿರಿ ಅಂತ ತಿಳ್ಕೊಳ್ರಿ. ಟ್ಯೂನಿನಲ್ಲಿ ಆ ಜಾಗಕ್ಕೆ ಉದ್ದ ಸ್ವರ ಇದ್ದರೆ ಗಾಯಕ ‘ಬಾಳೆ’ ಅಂತ ಹಾಡುತ್ತಾನೆ. ಹುಡುಗಿ ಕೈಯಾಗ ಬಳೆ ಇರೋ ಬದ್ಲಿ ಬಾಳೆಗಿಡ ಬರತೈತಿ! ‘ಹಳೆ’ ಹೋಗಿ ‘ಹಾಳೆ’ ಆಗುತ್ತದೆ. ಹೀಗಾಗಿ ಗೀಡ್ಡ ಸ್ವರಕ್ಕೆ ಗಿಡ್ಡ ಅಕ್ಷರ, ಉದ್ದ ಸ್ವರಕ್ಕೆ ಉದ್ದ ಅಕ್ಷರ ಹುಡುಕಿ ಕೂರಿಸಬೇಕು, ಮೇಲಿಂದ ಕವಿತೆಯೂ ಆಗಬೇಕು. ಕನ್ನಡ ಬಾರದ ಗಾಯಕ ಹಾಡುವಾಗ ಇದು ಇನ್ನೂ ಮುಖ್ಯ. ಪದಗಳು ಟ್ಯೂನಿನ ಮೇಲೆ ಸರಿಯಾಗಿ ಕೂತಿದ್ದರೆ ಉಚ್ಚಾರ ತಾನಾಗಿ ಅರ್ಧ ಸರಿಹೋಗುತ್ತದೆ.

ನನಗ ಭಾಳ ಸೇರೋದು ಆ ಮೊದಲ ಶಬ್ದ. ‘ಅನ್ನು’ ಅಂದರೆ ಹೇಳು. ‘ಅನಿಸು’ ಅಂದರೆ ಅನ್ನುವಂತೆ ಮಾಡು. ‘ನನಗೆ ಅನಿಸುತ್ತದೆ’ ಅಂದಾಗ ನಾನು ಏನೂ ಮಾಡುತ್ತಿಲ್ಲ, ಏನೋ ಒಂದು ನನ್ನಿಂದ ಮಾಡಿಸುತ್ತಿದೆ. ನಾವು ‘ನನಗ ಹಂಗ ಅನಸಾಕತ್ತೈತಿ’ ಅಂತೀವಲ್ಲ, ಅದ. ಕನ್ನಡದಲ್ಲಿ ಹಸಿವು, ಬೇಸರ, ನೆನಪು, ಎಲ್ಲವೂ ‘ನನಗೆ’ ಆಗುವಂಥವು. ಇಂಗ್ಲಿಷಿನ ಐ ಲವ್ ಯೂ ಒಳಗ ‘ನಾನು’ ಎದಿ ಉಬ್ಬಿಸಿ ಮುಂದ ನಿಂತಿರತೈತಿ. ಈ ಹಾಡಿನ ಹುಡುಗ ಹಾಗಲ್ಲ. ಅವನಿಗೆ ಖಾತ್ರಿಯೇ ಇಲ್ಲ. ಸಿನಿಮಾ ನೋಡಿದವರಿಗೆ ಗೊತ್ತು, ಕೊನೆಗೂ ಹುಡುಗಿ ಅವನಿಗೆ ಸಿಗುವುದಿಲ್ಲ. ಆ ಸೋಲಿನ ಬೀಜ ಮೊದಲ ಕ್ರಿಯಾಪದದಲ್ಲೇ ಇದೆ ಅಂತ ನನ್ನ ಲೆಕ್ಕ.

ನಮ್ಮ ಕಡೆ ಪ್ರೇಮದ ಕಥೆ ಅಂದ್ರ ಹಿಂಗ ಮೆತ್ತಗ ಇರಲಿಲ್ಲ. ಬೈಲಹೊಂಗಲದ್ದೇ ಅಂತ ಹೇಳುವ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ತಗೊಳ್ರಿ. ಅದರಾಗ ಆಸಿ ಐತಿ, ಮೋಸ ಐತಿ, ಕೊಲಿ ಐತಿ. ಹಾಡುಗಳನ್ನ ಬಯಲಿನಾಗ ಕಡೀ ಸಾಲಿನ್ಯಾಗ ಕುಂತವಗೂ ಕೇಳೂಹಂಗ ಏರು ದನಿಯಲ್ಲಿ ಹಾಡಬೇಕು. ‘ಅನಿಸುತಿದೆ’ ಬಂದದ್ದು ಮೊಬೈಲ್ ಕಾಲಕ್ಕೆ. ನಾನಾಗ ಪ್ರೈಮರಿ ಶಾಲಿ ಹುಡುಗಿ. ಬಸ್ ಸ್ಟ್ಯಾಂಡ್ ಹತ್ರದ ಮೊಬೈಲ್ ಅಂಗಡಿಯಾಗ ಮೆಮೊರಿ ಕಾರ್ಡ್ ಕೊಟ್ರ ಹಾಡು ತುಂಬಿ ಕೊಡತಿದ್ರು. ಬ್ಲೂಟೂತ್‌ನಿಂದ ಒಬ್ಬರ ಫೋನಿಂದ ಇನ್ನೊಬ್ಬರ ಫೋನಿಗೆ ಹೋಗತಿತ್ತು, ಮುಗಿಯೋ ತನಕ ಎರಡೂ ಫೋನು ಜೋಡಿಸಿ ಹಿಡಕೊಂಡು ನಿಂದರಬೇಕು. ಕಾಲರ್ ಟ್ಯೂನಿಗೆ ತಿಂಗಳಿಗೆ ಸುಮಾರು 30 ರೂಪಾಯಿ ಹಿಡೀತಿದ್ರು. ನಮ್ಮ ಚಿಗವ್ವನ ಫೋನಿಗೆ ಹಚ್ಚಿದ್ರ ಇದ ಹಾಡು. ಆಕಿ ಬೇಗ ಫೋನ್ ಎತ್ತಿದ್ರ ನನಗ ಸಿಟ್ಟು ಬರತಿತ್ತು. ಪ್ರೀತಿಯ ಹಾಡು ಆಗ ಒಬ್ಬರ ಕಿವಿಯೊಳಗೆ, ಗುಟ್ಟಾಗಿ ಕೇಳುವ ವಸ್ತು ಆಗಿತ್ತು. ಹಾಡು ಮೆತ್ತಗಿದ್ದದ್ದಕ್ಕೂ ಫೋನು ಬಂದದ್ದಕ್ಕೂ ಸರಿಯಾಗಿ ಜೋಡಿ ಕೂಡಿತು.

ಇನ್ನೊಂದು ಮಾತು. ಮಲೆನಾಡಿನಾಗ ಮುಂಗಾರು ಅಂದ್ರ ಮಂಜು, ಕಾಫಿತೋಟ. ನಮಗ ಮುಂಗಾರು ಅಂದ್ರ ಹೆಸರು, ಸೋಯಾ ಬಿತ್ತೋ ಚಿಂತಿ. ಕರಿ ಮಣ್ಣಿನ ಹೊಲದಾಗ ಮಳಿ ಸಕಾಲಕ್ಕ ಬರದಿದ್ರ ಮನ್ಯಾಗ ಯಾರೂ ಹಾಡು ಗುನುಗಂಗಿಲ್ಲ. ಆದರೂ ಈ ಹಾಡನ್ನ ನಮ್ಮ ಮಂದಿ ತಮ್ಮದು ಮಾಡಿಕೊಂಡರು. ಈಗ ಸೊಗಲ ಜಲಪಾತದ ಮುಂದೆ ಪ್ರೀ ವೆಡ್ಡಿಂಗ್ ವಿಡಿಯೋ ತೆಗೆಸೋ ಜೋಡಿಗಳು ಹಿನ್ನೆಲೆಗೆ ಕೇಳೋ ಹಾಡುಗಳಲ್ಲಿ ಇದೂ ಒಂದು ಅಂತ ರಾಮದುರ್ಗದ ಒಬ್ಬ ಎಡಿಟರ್ ಗೆಳೆಯ ಹೇಳಿದ. ಮದುಮಗ ಈ ಸಿನಿಮಾ ಬಂದಾಗ ದೊಡ್ಡ ಹುಡುಗನೂ ಆಗಿರಲಿಲ್ಲ, ನೋಡ್ರಿ.

ಆಮೇಲೆ ಏನಾತು ಅನ್ನೋದನ್ನ ಲಗೂನ ಹೇಳಿ ಮುಗಸತೀನಿ. ಮನೋಮೂರ್ತಿ, ಕಾಯ್ಕಿಣಿ, ಸೋನು ನಿಗಮ್ ಸೇರಿ ‘ಮಿಲನ’ದಂಥ ಸಿನಿಮಾಗಳಲ್ಲಿ ಮತ್ತೆ ಹಿಟ್ ಕೊಟ್ಟರು. 2009ರಲ್ಲಿ ಸಿನಿಮಾ ಇಲ್ಲದೇ ‘ನೀನೇ ಬರಿ ನೀನೇ’ ಅನ್ನೋ ಆಲ್ಬಂ ಕೂಡ ತಂದರು. ಮುಂಬೈ ಗಾಯಕರಿಗೇ ಎಲ್ಲಾ ಹಾಡು ಯಾಕೆ, ನಮ್ಮ ಗಾಯಕರು ಏನು ಮಾಡಬೇಕು ಅನ್ನೋ ಮಾತೂ ಅದರ ಜೊತೆಗೇ ಬೆಳೆಯಿತು. ಆ ಮಾತಿನಾಗ ಹುರುಳಿಲ್ಲ ಅಂತ ನಾನು ಅನ್ನಂಗಿಲ್ಲ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕಾಲೇಜೊಂದರ ಕಾರ್ಯಕ್ರಮದಲ್ಲಿ ಕನ್ನಡ ಹಾಡು ಹಾಡಿ ಅಂತ ಒಬ್ಬ ಕೂಗಿದ್ದಕ್ಕೆ ಸೋನು ನಿಗಮ್ ಪಹಲ್ಗಾಮ್ ದಾಳಿಯ ಹೆಸರು ತೆಗೆದು ಮಾತಾಡಿದರು. ಫಿಲಂ ಚೇಂಬರ್ ಅಸಹಕಾರ ಘೋಷಿಸಿತು, ಅವರು ಕ್ಷಮೆ ಕೇಳಿದರು. ಆ ವಾರ ನನ್ನ ಇನ್‌ಬಾಕ್ಸ್ ತುಂಬ ಒಂದೇ ಪ್ರಶ್ನೆ: ಇನ್ನ ‘ಅನಿಸುತಿದೆ’ ಕೇಳಬೇಕೋ ಬ್ಯಾಡೋ? ಅವರ ಆ ಮಾತು ನನಗೂ ಸೇರಲಿಲ್ಲ. ಆದ್ರ ಹಾಡು ಬರೀ ಗಾಯಕರದ್ದಲ್ಲ. ಕಾನೂನೂ ಹಾಗೇ ಹೇಳುತ್ತದೆ. ಸವದತ್ತಿ ಹುಡುಗನ ಪ್ರಶ್ನೆಗೆ ಉತ್ತರ ಇಲ್ಲೇ ಶುರು.

ಒಂದು ಹಾಡಿನೊಳಗೆ ಬೇರೆ ಬೇರೆ ಆಸ್ತಿಗಳಿವೆ. ಸಾಹಿತ್ಯ ಒಂದು, ಟ್ಯೂನ್ ಇನ್ನೊಂದು, ಸ್ಟುಡಿಯೋದಲ್ಲಿ ಆದ ರೆಕಾರ್ಡಿಂಗ್ ಮತ್ತೊಂದು. ಒಂದು ಹೊಲ, ಮೂರು ಉತಾರ ಅಂತ ತಿಳ್ಕೊಳ್ರಿ. ಸಾಹಿತ್ಯ ಮತ್ತು ಟ್ಯೂನಿನ ಹಕ್ಕು ಅದನ್ನು ಮಾಡಿದವರ ಜೀವಿತ ಕಾಲ, ಆಮೇಲೆ 60 ವರ್ಷ. ರೆಕಾರ್ಡಿಂಗಿನ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 2006ರ ಈ ರೆಕಾರ್ಡಿಂಗ್ ಮುಕ್ತ ಆಗೋದು 2066 ಮುಗಿದ ಮೇಲೆ. ಆವಾಗ ನನಗ ಎಪ್ಪತ್ತರ ಹತ್ರ, ಪಾಡ್‌ಕಾಸ್ಟ್ ಅಂದ್ರ ಏನು ಅಂತ ಮಮ್ಮಕ್ಕಳಿಗೆ ಹೇಳಿಕೊಡಬೇಕು. ಅದಕ್ಕ ಇವತ್ತು ಹಾಡು ಹಾಕಿಲ್ಲ.

ಮೊದಲೆಲ್ಲ ಬರೆದವರಿಗೆ, ಟ್ಯೂನ್ ಮಾಡಿದವರಿಗೆ ಒಂದೇ ಸಲ ದುಡ್ಡು ಕೊಟ್ಟು ಹಕ್ಕು ಪೂರ್ತಿ ಬರೆಸಿಕೊಳ್ಳುವುದು ಸಿನಿಮಾ ರಂಗದ ರೂಢಿ. ಜಾವೇದ್ ಅಖ್ತರ್ ಮುಂತಾದವರು ಹೋರಾಡಿದ ಮೇಲೆ 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದುಪಡಿ ಆಯಿತು. ಥಿಯೇಟರಿನಲ್ಲಿ ಸಿನಿಮಾದ ಜೊತೆ ಕೇಳಿಸೋದನ್ನು ಬಿಟ್ಟು ಬೇರೆ ಕಡೆ ಹಾಡಿನಿಂದ ರಾಯಲ್ಟಿ ಬಂದರೆ ಅದರಲ್ಲಿ ಸಾಹಿತಿಗೆ, ಸಂಗೀತಗಾರರಿಗೆ ಸಮಪಾಲು ಇರಬೇಕು, ಆ ಪಾಲನ್ನು ವಾರಸುದಾರರಿಗೆ ಇಲ್ಲವೇ ಕಾಪಿರೈಟ್ ಸೊಸೈಟಿಗೆ ಬಿಟ್ಟು ಬೇರೆಯವರಿಗೆ ಬರೆದುಕೊಡಲು ಬರುವುದಿಲ್ಲ ಅಂತ ಅದು ಹೇಳಿತು. ಈ ವಸೂಲಿ ಮಾಡೋ ಸೊಸೈಟಿಗಳಲ್ಲಿ 1969ರಲ್ಲಿ ಶುರುವಾದ ಐಪಿಆರ್‌ಎಸ್ ಮುಖ್ಯವಾದದ್ದು.

ಹಂಗಾರ ಮದುವ್ಯಾಗ ಹಾಡಿದ್ರ ಯಾರೂ ಯಾಕ ಕೇಳಂಗಿಲ್ಲ? ಅದೇ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಧಾರ್ಮಿಕ ಸಮಾರಂಭ, ಸರ್ಕಾರದ ಅಧಿಕೃತ ಸಮಾರಂಭಗಳಲ್ಲಿ ಹಾಡಿದರೆ ಅದು ಹಕ್ಕಿನ ಉಲ್ಲಂಘನೆ ಅಲ್ಲ. ಮದುವೆ ಮೆರವಣಿಗೆ, ಮದುವೆಗೆ ಸಂಬಂಧಪಟ್ಟ ಇತರ ಸಂಭ್ರಮ ಕೂಡ ಇದರಲ್ಲಿ ಸೇರುತ್ತವೆ ಅಂತ ಅಲ್ಲೇ ವಿವರಣೆ ಕೊಟ್ಟಿದ್ದಾರೆ. 2023ರಲ್ಲಿ ಕೇಂದ್ರ ಸರ್ಕಾರದ ಇಲಾಖೆ ಇದನ್ನೇ ಮತ್ತೊಮ್ಮೆ ನೋಟಿಸ್ ಹೊರಡಿಸಿ ನೆನಪಿಸಿತು. ಆದ್ರ ಟಿಕೆಟ್ ಹಚ್ಚಿ ಶೋ ಮಾಡಿದ್ರ, ಹೋಟೆಲ್‌ನಾಗ ಗಿರಾಕಿಗಳಿಗೆ ಹಾಡಿದ್ರ ಲೈಸೆನ್ಸ್ ಬೇಕು. ಮಂಟಪದಾಗ ಹಾಡಿದ್ದನ್ನ ತಂದು ಯೂಟ್ಯೂಬಿಗೆ ಹಾಕಿದ್ರ ಅದಕ್ಕೂ ಈ ವಿನಾಯಿತಿ ಇಲ್ಲ, ಅದು ಮದುವಿ ಅಲ್ಲ, ಪ್ರಸಾರ.

ಈಗ ಸವದತ್ತಿ ತಮ್ಮಗ ನೇರ ಹೇಳತೀನಿ. ತಮ್ಮಾ, ನೀ ಹಾಡಿದ ದನಿ ನಿಂದ. ಅದರಾಗಿನ ಮಾತು, ಟ್ಯೂನ್ ಬ್ಯಾರೇದವರವು. ಯೂಟ್ಯೂಬಿನ ಕಂಟೆಂಟ್ ಐಡಿ ಅನ್ನೋ ಯಂತ್ರ ಟ್ಯೂನಿನ ಗುರುತು ಹಿಡಿಯುತ್ತದೆ. ಹಕ್ಕಿನ ಮಾಲೀಕರು ವಿಡಿಯೋ ತಡೆಯಬಹುದು, ಅದರ ಜಾಹೀರಾತಿನ ದುಡ್ಡು ತಾವು ತಗೋಬಹುದು, ಇಲ್ಲಾ ಎಷ್ಟು ಮಂದಿ ನೋಡಿದರು ಅಂತ ಬರೀ ಲೆಕ್ಕ ಇಡಬಹುದು. ನಿನಗ ಬಂದದ್ದು ಕ್ಲೇಮ್, ಸ್ಟ್ರೈಕ್ ಅಲ್ಲ. ಚಾನೆಲ್ ಮುಚ್ಚತಾರ ಅಂತ ಹೆದರಿ ವಿಡಿಯೋ ತೆಗೀಬ್ಯಾಡ. ಮುಂದಿನ ಸಲ ನೆಟ್ಟಿನಿಂದ ಇಳಿಸಿದ ಕರೋಕೆ ಟ್ರ್ಯಾಕ್ ಮಾತ್ರ ಬಳಸಬ್ಯಾಡ, ಅದು ಮತ್ತೊಬ್ಬರ ರೆಕಾರ್ಡಿಂಗ್. ಗಿಟಾರ್ ಬಾರಿಸೋ ಗೆಳೆಯನ್ನ ಕರಕೋ. ಜಾಹೀರಾತಿನ ದುಡ್ಡು ನಿನಗ ಬರಬೇಕು ಅಂದ್ರ ಶಿಶುನಾಳ ಶರೀಫರ ಪದ ಹಾಡು. ಅವರು ತೀರಿಕೊಂಡದ್ದು 1889ರಲ್ಲಿ, ಪದಗಳ ಮೇಲೆ ಯಾರ ಹಕ್ಕೂ ಉಳಿದಿಲ್ಲ. ಆದ್ರ ಸಿನಿಮಾದಾಗ, ಕ್ಯಾಸೆಟ್‌ನಾಗ ಬಂದ ಹೊಸ ಟ್ಯೂನ್ ತಗೋಬ್ಯಾಡ, ನಿಮ್ಮ ಊರ ಭಜನಿ ಮಂದಿ ಹಾಡೋ ಹಳೇ ಧಾಟಿಯಲ್ಲಿ ಹಾಡು.

‘ಅನಿಸುತಿದೆ’ ವಿಡಿಯೋದ ಕೆಳಗ ನಿಮ್ಮ ಆರ್ಕೆಸ್ಟ್ರಾದ ಹೆಸರು, ಬುಕಿಂಗ್ ನಂಬರ್ ದೊಡ್ಡದಾಗಿ ಹಾಕು. ಜಾಹೀರಾತಿನ ಚಿಲ್ಲರೆ ಅವರಿಗೆ ಹೋಗಲಿ. ಅದನ್ನ ನೋಡಿ ಕಿತ್ತೂರಿನವರೋ ರಾಮದುರ್ಗದವರೋ ಮದುವಿಗೆ ಕರೆದ್ರ ಆ ಅಡ್ವಾನ್ಸ್ ಪೂರ್ತಿ ನಿಂದ, ಅದರ ಮ್ಯಾಲ ಯಾರ ಕ್ಲೇಮೂ ಇಲ್ಲ.

ಮುಂದಿನ ಎಪಿಸೋಡ್‌ನಾಗ ಸಣ್ಣಾಟದ ಹಾಡುಗಳ ಬಗ್ಗೆ. ನಿಮ್ಮ ಊರಾಗ ಆಡಿದವರು ಇದ್ರ ವಾಯ್ಸ್ ನೋಟ್ ಕಳಸ್ರಿ. ಬರಲ್ರೀ ಹಂಗಾರ?