ಊರು ಬದಲಿಸುವ ಮುನ್ನ ಶಾಲೆಯ ವಿಚಾರ

ಗೃಹಸ್ಥನಾದವನು ಹೊಸ ಊರಿಗೆ ಬಿಡಾರವನ್ನು ಸಾಗಿಸಬೇಕಾಗಿ ಬಂದಾಗ ಮೊದಲು ವಿಚಾರಿಸುವುದು ನೀರನ್ನು, ಆಮೇಲೆ ಬಾಡಿಗೆಯನ್ನು, ಅದಾದ ಮೇಲೆ ಅಂಗಡಿ, ಆಸ್ಪತ್ರೆ, ಬಸ್ಸುಗಳನ್ನು. ಶಾಲೆಯ ಮಾತು ಬರುವುದು ಬಹುಮಟ್ಟಿಗೆ ಕಡೆಯಲ್ಲಿ. ಅದೂ ಮನೆಯ ಯಜಮಾನನು “ಶಾಲೆ ಇಲ್ಲೇ ಕೂಗಳತೆಯಲ್ಲಿ ಇದೆಯಲ್ಲ, ಸ್ವಾಮಿ” ಎಂದು ಬೆರಳು ತೋರಿಸಿದನೆಂದರೆ ವಿಚಾರಣೆ ಮುಗಿದಂತೆಯೇ. ನೀರು ಸಾಲದಿದ್ದರೆ ಮನೆಯನ್ನು ಬದಲಿಸಬಹುದು. ಬಾಡಿಗೆ ಹೆಚ್ಚಾದರೆ ಚೌಕಾಶಿ ಮಾಡಬಹುದು. ಮೂರನೆಯ ತರಗತಿಯ ಮಗುವು ಓದಲು ಕಲಿಯದೆ ಕಳೆದ ಒಂದು ವರ್ಷವನ್ನು ಮಾತ್ರ ಯಾರೂ ಹಿಂದಕ್ಕೆ ತಂದುಕೊಡಲಾರರು.

ಉದ್ಯೋಗದಲ್ಲಿ ವರ್ಗವಾಗಿಯೋ, ಮುಪ್ಪಿನ ತಂದೆತಾಯಿಗಳನ್ನು ನೋಡಿಕೊಳ್ಳಬೇಕೆಂದೋ, ಪಾಲಿಗೆ ಬಂದ ಜಮೀನನ್ನು ತಾವೇ ಸಾಗು ಮಾಡಬೇಕೆಂದೋ ಪಟ್ಟಣವನ್ನು ಬಿಟ್ಟು ಹಳ್ಳಿಗಾಡಿಗೆ ಹೋಗುವ ಸಂಸಾರಗಳು ನಮ್ಮ ನಾಡಿನಲ್ಲಿ ಕಡಮೆಯಿಲ್ಲ. ಅಂಥವರಲ್ಲಿ ಕೆಲವರು ಸರ್ಕಾರಿ ಶಾಲೆಯೆಂದ ಮಾತ್ರಕ್ಕೆ ಮೂಗು ಮುರಿಯುವರು. ಮತ್ತೆ ಕೆಲವರು ತಾವೂ ಅಂಥ ಶಾಲೆಯಲ್ಲಿಯೇ ಕಲಿತು ಮುಂದೆ ಬಂದವರೆಂಬ ಅಭಿಮಾನದಿಂದ ಕಣ್ಣು ಮುಚ್ಚಿ ಮಕ್ಕಳನ್ನು ಸೇರಿಸುವರು. ಈ ಇಬ್ಬರಲ್ಲಿ ಶಾಲೆಯನ್ನು ನೋಡಿದವರು ಯಾರೂ ಇಲ್ಲ. ಒಂದೇ ಹೋಬಳಿಯಲ್ಲಿ, ಒಂದೇ ಇಲಾಖೆಯ ಅಧೀನದಲ್ಲಿ, ಮೂರು ಕಿಲೋಮೀಟರಿನ ಅಂತರದಲ್ಲಿರುವ ಎರಡು ಶಾಲೆಗಳು ಅಜಗಜಾಂತರವಾಗಿರುವುದುಂಟು. ಆದುದರಿಂದ ಜಿಲ್ಲೆಯ ಹೆಸರನ್ನು ಕೇಳಿ ತೀರ್ಮಾನ ಮಾಡುವುದು ತರವಲ್ಲ, ಹೋಗಿ ನೋಡಬೇಕು.

ನೋಡಲು ಹೋಗುವುದಕ್ಕೂ ಒಂದು ಕಾಲವುಂಟು. ಏಪ್ರಿಲ್, ಮೇ ತಿಂಗಳುಗಳ ರಜೆಯಲ್ಲಿ ಮನೆಯನ್ನು ಗೊತ್ತುಮಾಡಲು ಬಂದವರು ಶಾಲೆಯನ್ನೂ ನೋಡಿದೆವೆಂದು ಹೇಳಿಕೊಳ್ಳುವರು. ಅವರು ನೋಡಿದುದು ಕಟ್ಟಡವನ್ನು. ನಮಗೆ ಪರಿಚಿತವಾದ ಒಂದು ಕುಟುಂಬದವರು ಹೀಗೆಯೇ ಮೇ ತಿಂಗಳಿನಲ್ಲಿ, ಗೋಡೆಗೆ ರೈಲುಗಾಡಿಯ ಚಿತ್ರ ಬರೆಸಿದ್ದ ಅಂದವಾದ ಶಾಲೆಯೊಂದನ್ನು ಕಂಡು ಮೆಚ್ಚಿ, ಅದರ ಎದುರಿಗೇ ಮನೆ ಹಿಡಿದರು. ಜೂನ್ ಕಳೆದು ಆಗಸ್ಟ್ ಬಂದರೂ ಏಳನೆಯ ತರಗತಿಗೆ ಗಣಿತವನ್ನು ಹೇಳಿಕೊಡತಕ್ಕವರು ಬಂದಿರಲಿಲ್ಲ. ಬಣ್ಣದ ಗೋಡೆಯನ್ನು ನಾವು ಹಳಿಯುವವರಲ್ಲ. ಮಕ್ಕಳ ಕಣ್ಣಿಗೆ ಅದು ಹಬ್ಬವೇ ಸರಿ. ಆದರೆ ಸುಣ್ಣಬಣ್ಣಕ್ಕೂ ಪಾಠಪ್ರವಚನಕ್ಕೂ ಸಂಬಂಧವಿರಲೇಬೇಕೆಂಬ ನಿಯಮವಿಲ್ಲ. ಶಾಲೆ ನಡೆಯುತ್ತಿರುವ ದಿನ, ಅದರಲ್ಲಿಯೂ ಸೋಮವಾರದಂದೋ ಸಂತೆಯ ದಿನವೋ, ಮುಂಜಾನೆಯ ಪ್ರಾರ್ಥನೆಯ ಹೊತ್ತಿಗೆ ಹೋಗಿ ನಿಲ್ಲುವುದು ಲೇಸು. ಎಷ್ಟು ಜನ ಉಪಾಧ್ಯಾಯರು ಇದ್ದಾರೆ, ಎಷ್ಟು ಮಕ್ಕಳು ಬಂದಿದ್ದಾರೆ ಎಂಬುದು ಯಾರನ್ನೂ ಕೇಳದೆಯೇ ತಿಳಿಯುವುದು.

ಮೊದಲು ಕೇಳತಕ್ಕ ಪ್ರಶ್ನೆಯು ಬಹು ಸರಳವಾದುದು: ಈ ಶಾಲೆ ಎಷ್ಟನೆಯ ತರಗತಿಯವರೆಗೆ ಇದೆ? ನಮ್ಮಲ್ಲಿ ಕಿರಿಯ ಪ್ರಾಥಮಿಕ ಶಾಲೆಯು ಐದನೆಯ ತರಗತಿಗೆ ಮುಗಿಯುವುದು, ಹಿರಿಯ ಪ್ರಾಥಮಿಕವು ಏಳಕ್ಕೋ ಎಂಟಕ್ಕೋ ನಿಲ್ಲುವುದು, ಆಮೇಲೆ ಪ್ರೌಢಶಾಲೆ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತಷ್ಟೆ. ಅದರ ನಿಯಮಗಳಂತೆ ಐದನೆಯ ತರಗತಿಯವರೆಗಿನ ಶಾಲೆಯು ಒಂದು ಕಿಲೋಮೀಟರಿನೊಳಗೆ, ಆರರಿಂದ ಎಂಟರವರೆಗಿನದು ಮೂರು ಕಿಲೋಮೀಟರಿನೊಳಗೆ ಇರತಕ್ಕದ್ದು. ಒಂಬತ್ತು, ಹತ್ತನೆಯ ತರಗತಿಗಳಿಗೆ ಈ ಕಾಯಿದೆಯ ರಕ್ಷಣೆ ಸಲ್ಲುವುದಿಲ್ಲ. ಅದು ಆರರಿಂದ ಹದಿನಾಲ್ಕು ವರ್ಷದೊಳಗಿನವರಿಗೆ ಮಾತ್ರ.

ಹೆಣ್ಣುಮಕ್ಕಳಿರುವ ಮನೆಯವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಚೆನ್ನಾಗಿ ಓದಿದ ಹುಡುಗಿಯ ಓದು ನಿಲ್ಲುವುದು ಬುದ್ಧಿ ಸಾಲದೆ ಅಲ್ಲ, ದಾರಿ ದೂರವಾಗಿ. ೨೦೦೬-೦೭ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಕೊಡಲಾರಂಭಿಸಿದುದು ಈ ಸಂಕಟವನ್ನು ಅರಿತೇ. ಸೈಕಲ್ಲು ದೂರವನ್ನು ತಗ್ಗಿಸೀತು; ನಿರ್ಜನವಾದ ತೋಪಿನ ಭಯವನ್ನು ತಗ್ಗಿಸಲಾರದು. ಆದಕಾರಣ ತಾಯಿಯಾದವಳು ಒಂದು ದಿನ ಆ ದಾರಿಯನ್ನು ತಾನೇ ನಡೆದು ನೋಡಲಿ. ಬಸ್ಸಿದ್ದರೆ ಬೆಳಗಿನ ಬಸ್ಸನ್ನು ಮಾತ್ರ ವಿಚಾರಿಸಿದರೆ ಸಾಲದು. ಹತ್ತನೆಯ ತರಗತಿಗೆ ಸಂಜೆ ವಿಶೇಷ ಪಾಠಗಳು ಮುಗಿದ ಮೇಲೆ ಹಿಂದಿರುಗುವುದಕ್ಕೆ ಯಾವ ಬಸ್ಸು ಉಂಟು ಎಂಬುದೇ ಮುಖ್ಯ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಬೇಸಗೆಯಲ್ಲಿ ಹಾಯಾಗಿ ದಾಟುವ ಹಳ್ಳವು ಆಷಾಢದಲ್ಲಿ ಬೇರೆಯೇ ರೂಪವನ್ನು ತಾಳುವುದು. ನಡುವೆ ಕಾಲುಸಂಕವೇನಾದರೂ ಇದ್ದರೆ ಅದನ್ನು ಮಳೆಗಾಲದಲ್ಲಿಯೇ ನೋಡತಕ್ಕದ್ದು.

ಇನ್ನು ಉಪಾಧ್ಯಾಯರ ಸಂಖ್ಯೆ. ಕಾಯಿದೆಯ ಅನುಸೂಚಿಯಂತೆ ಐದನೆಯ ತರಗತಿಯವರೆಗೆ ಅರುವತ್ತು ಮಕ್ಕಳಿಗೆ ಇಬ್ಬರು, ತೊಂಬತ್ತರವರೆಗೆ ಮೂವರು, ನೂರಿಪ್ಪತ್ತರವರೆಗೆ ನಾಲ್ವರು ಉಪಾಧ್ಯಾಯರಿರಬೇಕು. ಲೆಕ್ಕ ಚೆನ್ನಾಗಿಯೇ ಇದೆ. ಆದರೆ ಇಪ್ಪತ್ತೈದು ಮಕ್ಕಳಿರುವ ಶಾಲೆಯಲ್ಲಿ ಇಬ್ಬರು ಉಪಾಧ್ಯಾಯರು ಐದು ತರಗತಿಗಳನ್ನು ನಡೆಸಬೇಕಾಗುವುದೆಂಬುದನ್ನು ಮರೆಯಬಾರದು. ಇಬ್ಬರಲ್ಲಿ ಒಬ್ಬರು ತಾಲ್ಲೂಕಿನ ಸಭೆಗೋ, ಚುನಾವಣೆಯ ಕೆಲಸಕ್ಕೋ ಹೋದ ದಿನ ಒಬ್ಬರೇ ಉಳಿಯುವರು. “ಕಳೆದ ತಿಂಗಳಿನಲ್ಲಿ ಇಬ್ಬರೂ ಇದ್ದ ದಿನಗಳೆಷ್ಟು?” ಎಂದು ವಿನಯದಿಂದ ಕೇಳಿದರೆ ಸಾಮಾನ್ಯವಾಗಿ ನಿಜವಾದ ಉತ್ತರವೇ ದೊರೆಯುವುದು. ಹಳ್ಳಿಯ ಉಪಾಧ್ಯಾಯರಿಗೆ ತಮ್ಮ ಕಷ್ಟವನ್ನು ಕೇಳುವವರು ದೊರೆಯುವುದೇ ಅಪರೂಪ.

ಆರನೆಯ ತರಗತಿಯಿಂದ ಮೇಲೆ ಸಂಖ್ಯೆಗಿಂತ ವಿಷಯವೇ ಮುಖ್ಯ. ವಿಜ್ಞಾನ ಗಣಿತಗಳಿಗೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗಳಿಗೆ ಒಬ್ಬರು ಇರಬೇಕೆಂದು ಕಾಯಿದೆಯಲ್ಲಿಯೇ ಇದೆ. ಇಂಗ್ಲಿಷನ್ನೂ ಗಣಿತವನ್ನೂ ಈಗ ಯಾರು ಹೇಳಿಕೊಡುತ್ತಿರುವರು, ಅವರು ಖಾಯಂ ಉಪಾಧ್ಯಾಯರೇ, ಅತಿಥಿ ಶಿಕ್ಷಕರೇ ಎಂದು ಹೆಸರು ಹಿಡಿದು ಕೇಳಬೇಕು. ಅತಿಥಿ ಶಿಕ್ಷಕರಲ್ಲಿ ಬಹು ಒಳ್ಳೆಯವರಿರುವರು. ಆದರೆ ಅವರ ನೇಮಕವು ವರ್ಷವರ್ಷಕ್ಕೂ ಹೊಸದಾಗಿ ಆಗುವುದು. ಹಾಗೆಯೇ ಮೂರು ವರ್ಷಗಳ ದಾಖಲಾತಿಯ ಸಂಖ್ಯೆಯನ್ನು ಕೇಳುವುದು ಒಳ್ಳೆಯದು. ಮಕ್ಕಳು ಕಡಮೆಯಾಗುತ್ತ ಬಂದರೆ ಇಲಾಖೆಯವರು ಉಪಾಧ್ಯಾಯರನ್ನು ಹೆಚ್ಚುವರಿಯೆಂದು ಲೆಕ್ಕಹಾಕಿ ಬೇರೆಡೆಗೆ ಕಳುಹಿಸುವರು. ಉಪಾಧ್ಯಾಯರು ಹೋದುದನ್ನು ಕಂಡು ಮತ್ತಷ್ಟು ಮಕ್ಕಳು ಬಿಡುವರು. ಹೀಗೆ ಸೊರಗುತ್ತಿರುವ ಶಾಲೆಯೂ ಚಿಗುರುತ್ತಿರುವ ಶಾಲೆಯೂ ಒಂದು ದಿನದ ನೋಟಕ್ಕೆ ಒಂದೇ ತೆರನಾಗಿ ಕಾಣುವುವು.

ಪಟ್ಟಣದಿಂದ ಬಂದ ತಂದೆತಾಯಿಗಳು ಒಂದರಿಂದ ಮೂರನೆಯ ತರಗತಿಯ ಮಕ್ಕಳೆಲ್ಲ ಒಂದೇ ಕೊಠಡಿಯಲ್ಲಿ, ಬೆಂಚುಗಳಿಲ್ಲದೆ ನೆಲದ ಮೇಲೆ ಗುಂಪುಗುಂಪಾಗಿ ಕುಳಿತಿರುವುದನ್ನು ಕಂಡು ಗಾಬರಿಪಡುವರು. ಇದು ಬಡತನದ ಗುರುತೇ ಆಗಬೇಕಾಗಿಲ್ಲ, ನಲಿಕಲಿಯೆಂಬ ಪದ್ಧತಿ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು ಆಂಧ್ರದ ಋಷಿವ್ಯಾಲಿಯ ಗ್ರಾಮಶಾಲೆಗಳಿಗೆ ಹೋಗಿ, ಅಲ್ಲಿಯ ಕ್ರಮವನ್ನು ಕಂಡು, ಅದನ್ನು ನಮ್ಮ ನೆಲಕ್ಕೆ ಒಗ್ಗಿಸಿಕೊಂಡುದರ ಫಲವಿದು. ಪಾಠವು ಪುಸ್ತಕದ ಬದಲು ಚಿಕ್ಕ ಚಿಕ್ಕ ಕಾರ್ಡುಗಳಲ್ಲಿರುವುದು. ಮಗುವು ಏಣಿಯನ್ನು ಹತ್ತಿದಂತೆ ತನ್ನ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮುಂದೆ ಸಾಗುವುದು. ಉಪಾಧ್ಯಾಯರ ನೆರವು ಎಷ್ಟು ಬೇಕೆಂಬುದರ ಮೇಲೆ ಮಕ್ಕಳು ‘ತಟ್ಟೆ’ಗಳೆಂಬ ಗುಂಪುಗಳಲ್ಲಿ ಕೂಡುವರು. ಚೆನ್ನಾಗಿ ನಡೆದಾಗ ಇದು ಅತ್ಯಂತ ಸೊಗಸಾದ ವ್ಯವಸ್ಥೆ. ಚೆನ್ನಾಗಿ ನಡೆಯುತ್ತಿದೆಯೇ ಎಂಬುದನ್ನು ತಿಳಿಯಬೇಕಾದರೆ ತಲೆಯ ಮೇಲೆ ಕಟ್ಟಿರುವ ಚಪ್ಪರದ ದಾರದ ಕಡೆಗೆ ನೋಡಿರಿ. ಅದರಲ್ಲಿ ತೂಗುವ ಮಕ್ಕಳ ಚಿತ್ರಗಳು ಈ ತಿಂಗಳಿನವಾದರೆ ಒಂದು ಬಗೆ. ಧೂಳು ಹಿಡಿದು ಬಣ್ಣ ಮಾಸಿದ್ದರೆ ಇನ್ನೊಂದು ಬಗೆ.

ಮಕ್ಕಳಿಗೆ ಓದು ಬಂದಿದೆಯೇ ಎಂಬ ಮುಖ್ಯವಾದ ಪ್ರಶ್ನೆಗೆ ಶಾಲೆಯ ಯಾವ ಕಾಗದವೂ ಪೂರ್ಣವಾದ ಉತ್ತರವನ್ನು ಕೊಡದು. ೨೦೦೫ರಿಂದ ‘ಅಸರ್’ ಎಂಬ ಸಮೀಕ್ಷೆಯವರು ಹಳ್ಳಿಗಳ ಮನೆಮನೆಗೂ ಹೋಗಿ, ಬಹು ಸರಳವಾದ ಒಂದು ಪರೀಕ್ಷೆಯನ್ನು ನಡೆಸುತ್ತ ಬಂದಿದ್ದಾರೆ. ಅಕ್ಷರ, ಪದ, ಒಂದನೆಯ ತರಗತಿಯ ಮಟ್ಟದ ನಾಲ್ಕು ವಾಕ್ಯ, ಎರಡನೆಯ ತರಗತಿಯ ಮಟ್ಟದ ಒಂದು ಕಥೆ, ಲೆಕ್ಕದಲ್ಲಿ ದಶಕ ತೆಗೆದುಕೊಂಡು ಮಾಡುವ ಎರಡಂಕಿಯ ವ್ಯವಕಲನ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಭಾಗಾಕಾರ, ಇಷ್ಟೇ. ಇದನ್ನು ಯಾವ ಗೃಹಿಣಿಯೂ ಮಾಡಬಹುದು. ಶಾಲೆಯೊಳಗಲ್ಲ, ಅತಿಥಿಯಾಗಿ ಹೋದವರು ಅಲ್ಲಿ ಇನ್‌ಸ್ಪೆಕ್ಟರಂತೆ ವರ್ತಿಸುವುದು ಸಭ್ಯತೆಯಲ್ಲ. ಸಂಜೆ ನೆರೆಮನೆಯ ಜಗಲಿಯಲ್ಲಿ ಆಡುತ್ತಿರುವ ಐದನೆಯ ತರಗತಿಯ ಮಕ್ಕಳನ್ನು ಕರೆದು, ಕೈಗೆ ಒಂದಿಷ್ಟು ಕಡಲೆಕಾಯಿ ಕೊಟ್ಟು, ಎರಡನೆಯ ತರಗತಿಯ ಪುಸ್ತಕದಿಂದ ಒಂದು ಕಥೆಯನ್ನು ಓದಿಸಿ. ಒಬ್ಬನೇ ಹುಡುಗನಿಂದ ಏನೂ ತಿಳಿಯದು. ಐದಾರು ಮಕ್ಕಳಲ್ಲಿ ನಾಲ್ವರು ಸರಾಗವಾಗಿ ಓದಿ, ಓದಿದುದನ್ನು ತಮ್ಮ ಮಾತಿನಲ್ಲಿ ಹೇಳಿದರೆ ಆ ಶಾಲೆಯಲ್ಲಿ ಯಾರೋ ಶ್ರಮಪಟ್ಟಿದ್ದಾರೆಂದು ಧೈರ್ಯವಾಗಿ ನಂಬಬಹುದು.

ಅವರ ಬರೆಹದ ಪುಸ್ತಕಗಳನ್ನೂ ಕೇಳಿ ನೋಡಿರಿ. ಎಲ್ಲರ ಪುಸ್ತಕಗಳಲ್ಲಿಯೂ ಒಂದೇ ಉತ್ತರ, ಒಂದೂ ತಪ್ಪಿಲ್ಲದೆ, ಮುತ್ತಿನಂಥ ಅಕ್ಷರದಲ್ಲಿ ಇದ್ದರೆ ಸಂತೋಷಪಡಬೇಕಾಗಿಲ್ಲ. ಅದು ಹಲಗೆಯಿಂದ ಇಳಿಸಿಕೊಂಡುದು. ತಪ್ಪುಗಳಿದ್ದು, ಕೆಂಪು ಶಾಯಿಯ ತಿದ್ದುಪಡಿಯಿದ್ದು, ಮರುದಿನ ಅದೇ ಪದವನ್ನು ಮಗುವು ಸರಿಯಾಗಿ ಬರೆದಿದ್ದರೆ, ಆ ಉಪಾಧ್ಯಾಯರಿರುವ ಊರಿನಲ್ಲಿ ಮನೆ ಸ್ವಲ್ಪ ಸೋರಿದರೂ ಚಿಂತೆಯಿಲ್ಲವೆಂದು ನಮ್ಮ ಅಭಿಪ್ರಾಯ.

ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಶಾಲೆಯ ಸ್ವಭಾವವು ತಾನಾಗಿ ಹೊರಬೀಳುವುದು. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟು ೨೦೦೧ರ ನವೆಂಬರ್ ೨೮ರಂದು ಆಜ್ಞೆ ಮಾಡಿದ ಮೇಲೆ, ಕರ್ನಾಟಕದಲ್ಲಿ ೨೦೦೨ರಲ್ಲಿ ಅಕ್ಷರ ದಾಸೋಹವು ಆರಂಭವಾಯಿತು. ೨೦೧೩ರ ಆಗಸ್ಟ್ ೧ರಿಂದ ಕ್ಷೀರಭಾಗ್ಯದ ಹಾಲೂ ಸೇರಿತು. ಅಡುಗೆಯನ್ನು ಮಕ್ಕಳಿಗೆ ಬಡಿಸುವ ಮುನ್ನ ಉಪಾಧ್ಯಾಯರು ರುಚಿ ನೋಡತಕ್ಕದ್ದೆಂದು ನಿಯಮವಿದೆ. ನೋಡುವರೇ ಎಂದು ಗಮನಿಸಿ. ಅದಕ್ಕಿಂತ ಹೆಚ್ಚಾಗಿ ಪಂಕ್ತಿಯನ್ನು ಗಮನಿಸಿ. ಎಲ್ಲ ಕೇರಿಗಳ ಮಕ್ಕಳೂ ಬೆರೆತು ಒಂದೇ ಸಾಲಿನಲ್ಲಿ ಕುಳಿತಿರುವರೇ? ಅಡುಗೆಯಾಕೆ ಯಾರೆಂಬ ಕಾರಣದಿಂದ ತಟ್ಟೆಯನ್ನು ಮುಟ್ಟದೆ ಮನೆಗೆ ಹೋಗುವ ಮಕ್ಕಳಿರುವರೇ? ಇದ್ದರೆ ಮುಖ್ಯೋಪಾಧ್ಯಾಯರು ಅದನ್ನು ಕುರಿತು ಏನು ಮಾಡಿದ್ದಾರೆ? ನಮ್ಮ ಮಗುವು ಅಲ್ಲಿ ಕಲಿಯುವುದು ಗುಣಾಕಾರದ ಮಗ್ಗಿಯೊಂದನ್ನೇ ಅಲ್ಲವಷ್ಟೆ.

ಶೌಚಗೃಹದ ವಿಚಾರವನ್ನು ಬಹಳ ಬೆಳಸಬೇಕಾಗಿಲ್ಲ. ಇದೆಯೇ ಎಂದು ಕೇಳಬೇಡಿರಿ, ಇದ್ದೇ ಇರುವುದು. ಬೀಗದ ಕೈ ಯಾರ ಬಳಿ ಇದೆ, ಒಳಗೆ ನೀರು ಬರುವುದೇ ಎಂದು ಕೇಳಿರಿ.

ಪ್ರೌಢಶಾಲೆಯ ಮಾತು ಬಂದಾಗ ಊರಿನವರು ಎಸ್‌.ಎಸ್‌.ಎಲ್‌.ಸಿ. ಫಲಿತಾಂಶವನ್ನು ಮುಂದಿಡುವರು. ಅದನ್ನು ಎಚ್ಚರದಿಂದ ಸ್ವೀಕರಿಸಬೇಕು. ೨೦೨೩ರಲ್ಲಿ ಇಡೀ ರಾಜ್ಯದಲ್ಲಿ ನೂರಕ್ಕೆ ೮೩.೮೯ ಮಂದಿ ತೇರ್ಗಡೆಯಾಗಿದ್ದರು. ೨೦೨೪ರಲ್ಲಿ, ಕೃಪಾಂಕಗಳನ್ನು ಹೆಚ್ಚಿಸಿದರೂ, ಅದು ೭೩.೪೦ಕ್ಕೆ ಇಳಿಯಿತು. ಆ ವರ್ಷ ಪರೀಕ್ಷೆಯ ಕೊಠಡಿಗಳಲ್ಲಿ ಕ್ಯಾಮೆರಾಗಳನ್ನಿಟ್ಟು ದೂರದಿಂದಲೇ ನೋಡುವ ವ್ಯವಸ್ಥೆಯನ್ನು ಮಾಡಿದ್ದರು. ಒಂದೇ ವರ್ಷದಲ್ಲಿ ಮಕ್ಕಳು ಮಂಕಾದರೆಂದು ಯಾರೂ ಹೇಳಲಾರರು. ಆದುದರಿಂದ ಶೇಕಡ ನೂರು ಎಂಬ ಹಲಗೆಯನ್ನು ಕಂಡು ಮರುಳಾಗದೆ, ಎಂಟನೆಯ ತರಗತಿಗೆ ಸೇರಿದವರೆಷ್ಟು, ಅವರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತವರೆಷ್ಟು ಎಂದು ಕೇಳತಕ್ಕದ್ದು. ಅರುವತ್ತು ಜನ ಸೇರಿ ನಲವತ್ತು ಜನ ಕುಳಿತಿದ್ದರೆ, ಆ ಇಪ್ಪತ್ತು ಮಕ್ಕಳು ಎಲ್ಲಿ ಹೋದರೆಂಬುದನ್ನು ಫಲಿತಾಂಶದ ಹಲಗೆಯು ಹೇಳುವುದಿಲ್ಲ.

ಮಾಧ್ಯಮದ ವಿಷಯದಲ್ಲಿಯೂ ಒಂದು ಮಾತು. ೨೦೧೯ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ಹೆಸರಿಗೆ ಇಂಗ್ಲಿಷ್ ಮಾಧ್ಯಮವೆಂದಿದ್ದರೂ ಹೇಳಿಕೊಡುವವರಿಗೆ ಆ ಭಾಷೆಯಲ್ಲಿ ಸಲಿಗೆ ಇಲ್ಲದಿದ್ದರೆ, ಮಗುವು ಎರಡು ಭಾಷೆಗಳನ್ನೂ ಅರೆಬರೆಯಾಗಿ ಕಲಿಯುವುದು. ಚೆನ್ನಾಗಿ ನಡೆಯುವ ಕನ್ನಡ ಶಾಲೆಯು ಅದಕ್ಕಿಂತ ನೂರುಪಾಲು ಮೇಲು. ಗಡಿಯ ತಾಲ್ಲೂಕುಗಳಲ್ಲಿ ಮರಾಠಿ, ಉರ್ದು, ತೆಲುಗು ಮಾಧ್ಯಮದ ಸರ್ಕಾರಿ ಶಾಲೆಗಳೂ ಇರುವುದರಿಂದ, ಕೂಗಳತೆಯಲ್ಲಿರುವುದು ಯಾವ ಭಾಷೆಯ ಶಾಲೆಯೆಂಬುದನ್ನು ಮೊದಲೇ ವಿಚಾರಿಸಬೇಕು.

ಯಾರನ್ನು ಕೇಳಬೇಕು? ಮನೆ ಬಾಡಿಗೆಗೆ ಕೊಡುವವರನ್ನಂತೂ ಅಲ್ಲ. ಅಡುಗೆಯಾಕೆ, ಅಂಗನವಾಡಿಯ ಕಾರ್ಯಕರ್ತೆ, ಬಸ್ಸಿನ ಕಂಡಕ್ಟರು; ಇವರಿಗೆ ಉಪಾಧ್ಯಾಯರು ಬರುವ ಹೊತ್ತೂ ಹೋಗುವ ಹೊತ್ತೂ ಗೊತ್ತು. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರನ್ನೂ ಕಾಣಬೇಕು. ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೂ, ಅರ್ಧದಷ್ಟು ಹೆಂಗಸರೂ ಇರಬೇಕೆಂದು ಕಾಯಿದೆಯಿದೆ. ಸದಸ್ಯಳಾದ ತಾಯಿಯೊಬ್ಬಳನ್ನು ಕಂಡು “ಹೋದ ಸಭೆಯಲ್ಲಿ ಏನು ಮಾತು ನಡೆಯಿತಮ್ಮ?” ಎಂದು ಕೇಳಿದರೆ, ಆಕೆ ಸಭೆಗೆ ಹೋಗುವಳೋ, ಮನೆಗೆ ಬಂದ ಪುಸ್ತಕಕ್ಕೆ ರುಜು ಮಾತ್ರ ಹಾಕುವಳೋ ತಿಳಿಯುವುದು. ಉಪಾಧ್ಯಾಯರ ಸ್ವಂತ ಮಕ್ಕಳು ಎಲ್ಲಿ ಓದುತ್ತಾರೆಂದು ಕೆಲವರು ಚುಚ್ಚಿ ಕೇಳುವರು. ಇದು ನ್ಯಾಯವಾದ ಅಳತೆಯೆಂದು ನಮಗೆ ತೋರದು. ಅವರಲ್ಲಿ ಬಹುಮಂದಿ ತಾಲ್ಲೂಕಿನ ಪಟ್ಟಣದಲ್ಲಿ ವಾಸಮಾಡುವವರು.

ಇಷ್ಟೆಲ್ಲ ನೋಡಿದ ಮೇಲೂ ಊರಿನ ಶಾಲೆಯು ಸಾಧಾರಣವೆಂದೇ ಕಂಡರೆ? ಮಗುವು ಐದನೆಯ ತರಗತಿಯೊಳಗಿದ್ದರೆ, ದಿನಕ್ಕೆ ಎರಡು ಗಂಟೆ ವ್ಯಾನಿನಲ್ಲಿ ಕುಳಿತು ದೂರದ ಶಾಲೆಗೆ ಹೋಗುವುದಕ್ಕಿಂತ ಸಾಧಾರಣವಾದ ಹತ್ತಿರದ ಶಾಲೆಯೂ, ಸಂಜೆ ಮನೆಯಲ್ಲಿ ಅರ್ಧ ಗಂಟೆಯ ಓದೂ ಮೇಲೆಂದು ನಾವು ಹೇಳುವೆವು. ಎಂಟನೆಯ ತರಗತಿಯ ಮಗುವಿಗೆ ಈ ಮಾತು ಸಲ್ಲದು. ಅಲ್ಲಿ ಗಣಿತ ವಿಜ್ಞಾನಗಳ ಉಪಾಧ್ಯಾಯರಿರುವ ಕಡೆಗೇ ಮನೆಯನ್ನು ಹುಡುಕಬೇಕು. ೨೦೧೮-೧೯ರಿಂದ ತೆರೆದಿರುವ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಒಂದರಿಂದ ಹನ್ನೆರಡನೆಯ ತರಗತಿಯವರೆಗೆ ಒಂದೇ ಆವರಣದಲ್ಲಿರುವುದರಿಂದ, ಅಕ್ಕತಮ್ಮಂದಿರಿಬ್ಬರೂ ಓದುವ ಮನೆಯವರು ಅಂಥ ಊರಿನಲ್ಲಿಯೇ ಬಿಡಾರ ಮಾಡಿಕೊಂಡು ಹೊಲಕ್ಕೆ ತಾವೇ ಹೋಗಿಬರುವುದೂ ಒಂದು ಉಪಾಯ.

ಹೊರಡುವಾಗ ಹಳೆಯ ಶಾಲೆಯ ವರ್ಗಾವಣೆ ಪತ್ರವನ್ನು ಕೇಳಿ ತೆಗೆದುಕೊಳ್ಳಿರಿ. ಅದು ಬರುವುದು ತಡವಾಯಿತೆಂಬ ಕಾರಣದಿಂದ ಎಂಟನೆಯ ತರಗತಿಯವರೆಗಿನ ಯಾವ ಮಗುವಿಗೂ ಪ್ರವೇಶವನ್ನು ನಿರಾಕರಿಸುವಂತಿಲ್ಲ. ವರ್ಷದ ನಡುವೆ ಬಂದರೆಂದು ಹಿಂದಕ್ಕೆ ಕಳುಹಿಸುವಂತೆಯೂ ಇಲ್ಲ. ದೀಪಾವಳಿಯ ಹೊತ್ತಿಗೆ ವರ್ಗವಾದವರು ಮುಂದಿನ ಜೂನ್ ತಿಂಗಳಿನವರೆಗೆ ಮಕ್ಕಳನ್ನು ಅಜ್ಜಿಯ ಮನೆಯಲ್ಲಿ ಬಿಡಬೇಕಾಗಿಲ್ಲ.