ಬೆಟ್ಟದ ರಕ್ಷಣಾ ಕಾರ್ಯ: ಉಚಿತ ಸೇವೆಯ ವೆಚ್ಚ ಯಾರದು?

2018ರ ಜುಲೈ 28ರಂದು ಮಹಾರಾಷ್ಟ್ರದ ದಾಪೋಲಿಯ ಕೃಷಿ ವಿಶ್ವವಿದ್ಯಾಲಯದ ನೌಕರರು ವಿಹಾರಕ್ಕೆಂದು ಮಹಾಬಲೇಶ್ವರದತ್ತ ಹೊರಟಿದ್ದರು. ಪೋಲಾದಪುರದ ಸಮೀಪ ಅಂಬೇನಳಿ ಘಾಟಿಯಲ್ಲಿ ಅವರ ಬಸ್ಸು ನೂರಾರು ಅಡಿ ಆಳದ ಕಂದರಕ್ಕೆ ಉರುಳಿ 30 ಮಂದಿ ಅಸುನೀಗಿದರು. ಬದುಕುಳಿದ ಒಬ್ಬರೇ ಒಬ್ಬರು ಕಡಿದಾದ ಇಳಿಜಾರನ್ನು ಹತ್ತಿ ಬಂದು ಸುದ್ದಿ ಮುಟ್ಟಿಸಿದರು. ಮಳೆಗಾಲದ ಆ ಕಂದರಕ್ಕೆ ಹಗ್ಗದ ಆಸರೆಯಿಂದ ಇಳಿದು ಶವಗಳನ್ನು ಮೇಲಕ್ಕೆ ತಂದವರಲ್ಲಿ ಸರ್ಕಾರಿ ಪಡೆಗಳೊಡನೆ ಆ ಭಾಗದ ಚಾರಣ ಸಂಘಗಳ ಸ್ವಯಂಸೇವಕರೂ ಇದ್ದರು. ಇವರು ಯಾವ ಇಲಾಖೆಯ ವೇತನ ಪಟ್ಟಿಯಲ್ಲಿಯೂ ಇಲ್ಲದವರು.

ಸಹ್ಯಾದ್ರಿಯ ಮಹಾರಾಷ್ಟ್ರ ಭಾಗದಲ್ಲಿ ಇಂತಹ ಸಂಘಗಳದ್ದು ಒಂದು ಪರಂಪರೆಯೇ ಆಗಿದೆ. ಲೋಣಾವಳದ ಶಿವದುರ್ಗ ಮಿತ್ರ, ಖೋಪೋಲಿಯ ಯಶವಂತಿ ಹೈಕರ್ಸ್, ಮಹಾಬಲೇಶ್ವರ ಟ್ರೆಕರ್ಸ್ ಮುಂತಾದ ಸಂಘಗಳು ಕೋಟೆ ಕೊತ್ತಲಗಳಲ್ಲಿ ದಾರಿ ತಪ್ಪಿದವರನ್ನೂ ಜಾರಿ ಬಿದ್ದವರನ್ನೂ ಹುಡುಕಿ ತರುವ ಕೆಲಸದಲ್ಲಿ ಹೆಸರು ಮಾಡಿವೆ. ರಾಜ್ಯದ ಯಾವುದೇ ಮೂಲೆಯಿಂದ ಬರುವ ಕರೆಯನ್ನು ಸ್ವೀಕರಿಸಿ ಹತ್ತಿರದ ತಂಡಕ್ಕೆ ತಲುಪಿಸುವ ಸಮನ್ವಯ ಕೇಂದ್ರವೊಂದೂ ಅಲ್ಲಿ ಇದೆ. 2023ರ ಜುಲೈನಲ್ಲಿ ರಾಯಗಡ ಜಿಲ್ಲೆಯ ಇರ್ಶಾಳವಾಡಿಯ ಮೇಲೆ ರಾತ್ರಿ ವೇಳೆ ಗುಡ್ಡ ಕುಸಿದಾಗ, ವಾಹನ ಹೋಗದ ಆ ಹಾಡಿಗೆ ನಡೆದು ಹತ್ತಿದವರಲ್ಲಿ ಈ ಸ್ವಯಂಸೇವಕರೂ ಮುಂಚೂಣಿಯಲ್ಲಿದ್ದರು.

ಸ್ವಯಂಸೇವಕರೇ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಲೆಕ್ಕಾಚಾರದಲ್ಲಿಯೇ ಇದೆ. ಒಂದು ಕಣಿವೆಯಲ್ಲಿ ವರ್ಷಕ್ಕೆ ಕೆಲವೇ ಬಾರಿ ಒದಗುವ ಕೆಲಸಕ್ಕಾಗಿ ಪೂರ್ಣಾವಧಿಯ ಪಡೆಯನ್ನು ಇರಿಸುವುದು ಯಾವ ಬೊಕ್ಕಸಕ್ಕೂ ಕಷ್ಟ. ದೂರದ ನಗರದಿಂದ ಪಡೆ ಬರುವುದರೊಳಗೆ ಅಮೂಲ್ಯವಾದ ಗಂಟೆಗಳು ಕಳೆದಿರುತ್ತವೆ. ಆದರೆ ಈ ಕೆಲಸಕ್ಕೆ ಉತ್ಸಾಹವೊಂದೇ ಸಾಲದು. ವ್ಯಕ್ತಿ ಕೊನೆಯ ಬಾರಿ ಕಂಡ ಸ್ಥಳವನ್ನು ಗುರುತಿಸುವುದು, ಆ ಪ್ರದೇಶದಿಂದ ಹೊರಬೀಳುವ ಹಾದಿಗಳಲ್ಲಿ ಕಾವಲು ನಿಲ್ಲಿಸುವುದು, ಮೂರು ನಾಲ್ಕು ಜನರ ಚುರುಕಾದ ತಂಡಗಳನ್ನು ಹಳ್ಳ, ಕವಲುದಾರಿ, ಅಂಚುಗಳತ್ತ ಮೊದಲು ಕಳುಹಿಸುವುದು, ಬಳಿಕವೇ ಸಾಲುಗಟ್ಟಿ ಶೋಧಿಸುವುದು: ಇದು ಅನುಭವದಿಂದ ರೂಪುಗೊಂಡ ಕ್ರಮ. ಗಾಯಾಳು ಸಿಕ್ಕಿದ ಮೇಲೆ ಅಸಲು ಶ್ರಮ ಆರಂಭವಾಗುತ್ತದೆ. ಒರಟು ನೆಲದಲ್ಲಿ ಸ್ಟ್ರೆಚರ್ ಹೊರಲು ಒಮ್ಮೆಗೆ ಆರು ಜನ ಬೇಕು. ಸರದಿಯ ಮೇಲೆ ಹೊರಬೇಕಾದ್ದರಿಂದ ಮೈಲೊಂದಕ್ಕೆ ಹದಿನೆಂಟು ಜನರನ್ನು ಲೆಕ್ಕ ಹಿಡಿಯುವುದು ವಾಡಿಕೆ. ಅಷ್ಟು ಮಂದಿಯೂ ಅಂದು ತಮ್ಮ ಅಂಗಡಿ ಮುಚ್ಚಿ ಅಥವಾ ಕಾರ್ಖಾನೆಗೆ ರಜೆ ಹಾಕಿ ಬಂದವರೇ. ಹಗ್ಗ ಬಳಸದಿದ್ದರೂ ಹತ್ತು ವರ್ಷಕ್ಕೆ ಅದನ್ನು ಕೈಬಿಡಬೇಕೆಂದು ತಯಾರಕರೇ ಹೇಳುತ್ತಾರೆ. ಹೆಲ್ಮೆಟ್, ವೈರ್‌ಲೆಸ್, ವಾಹನದ ಡೀಸೆಲ್, ತರಬೇತಿ ಇವೆಲ್ಲಕ್ಕೂ ಬೆಲೆಯಿದೆ. ಉಚಿತವೆನ್ನುವ ಸೇವೆಯ ವೆಚ್ಚವನ್ನು ಯಾರೋ ಒಬ್ಬರು ಭರಿಸುತ್ತಲೇ ಇರುತ್ತಾರೆ.

ಈ ವೆಚ್ಚವನ್ನು ಹಂಚಿಕೊಳ್ಳುವ ಬಗೆ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ 1959ರಲ್ಲಿ ಸ್ಥಾಪಿತವಾದ ಪರ್ವತ ರಕ್ಷಣಾ ಸಂಘದ ತಂಡಗಳು ರಕ್ಷಿಸಲ್ಪಟ್ಟವರಿಂದ ಹಣ ಪಡೆಯುವುದನ್ನು ವಿರೋಧಿಸುತ್ತ ಬಂದಿವೆ. ಬಿಲ್ಲಿನ ಭಯದಿಂದ ಜನ ಕರೆ ಮಾಡಲು ತಡ ಮಾಡುತ್ತಾರೆ, ತಡವಾದಷ್ಟೂ ಗಾಯಾಳುವಿಗೂ ರಕ್ಷಕರಿಗೂ ಅಪಾಯ ಹೆಚ್ಚು ಎಂಬುದು ಅವರ ವಾದ. ಕೊಲರಾಡೊ ರಾಜ್ಯದಲ್ಲಿ ಬೇಟೆ ಹಾಗೂ ಮೀನುಗಾರಿಕೆ ಪರವಾನಗಿಯ ಶುಲ್ಕದಲ್ಲಿ 25 ಸೆಂಟಿನಷ್ಟು ಪಾಲು ಶೋಧ ಮತ್ತು ರಕ್ಷಣಾ ನಿಧಿಗೆ ಸೇರುತ್ತದೆ. ಪರವಾನಗಿ ಪಡೆಯದ ಚಾರಣಿಗರು ಅಲ್ಪ ಶುಲ್ಕ ತೆತ್ತು ಕಾರ್ಡು ಕೊಳ್ಳಬಹುದು. ತಂಡಗಳಿಗೆ ತಗಲಿದ ಖರ್ಚನ್ನು ಆ ನಿಧಿ ತುಂಬಿಕೊಡುತ್ತದೆ. ನ್ಯೂಹ್ಯಾಂಪ್‌ಶೈರ್ ಮಾತ್ರ ಬೇರೆ ದಾರಿ ಹಿಡಿದಿದೆ. ನಿರ್ಲಕ್ಷ್ಯದಿಂದ ಅಪಾಯ ತಂದುಕೊಂಡವರಿಂದ ಅಲ್ಲಿ ವೆಚ್ಚ ವಸೂಲು ಮಾಡಲು ಕಾನೂನಿನ ಅವಕಾಶವಿದೆ. 2015ರಿಂದ 25 ಡಾಲರಿನ ಸುರಕ್ಷಾ ಕಾರ್ಡು ಕೊಂಡವರಿಗೆ ಆ ಹೊಣೆಯಿಂದ ವಿನಾಯಿತಿ ದೊರೆಯುತ್ತದೆ, ತೀರಾ ಹುಂಬತನ ತೋರಿದ ಸಂದರ್ಭಗಳ ಹೊರತು. ಸ್ವಿಟ್ಜರ್‌ಲೆಂಡಿನಲ್ಲಿ 1952ರಲ್ಲಿ ಹುಟ್ಟಿದ ರೇಗಾ ಎಂಬ ವಾಯು ರಕ್ಷಣಾ ಸಂಸ್ಥೆಗೆ 30 ಲಕ್ಷಕ್ಕೂ ಮಿಕ್ಕ ಪೋಷಕರು ವಾರ್ಷಿಕ ವಂತಿಗೆ ನೀಡುತ್ತಾರೆ. ವಿಮೆ ಭರಿಸದ ಪಕ್ಷದಲ್ಲಿ ಪೋಷಕರಿಗೆ ಬಿಲ್ಲನ್ನು ಮನ್ನಾ ಮಾಡಲಾಗುತ್ತದೆ. ಸಣ್ಣ ಮೊತ್ತವನ್ನು ಬಹಳ ಜನರಿಂದ ಮುಂಚಿತವಾಗಿ ಪಡೆಯುವುದೇ ಇವುಗಳಲ್ಲಿನ ವ್ಯಾಪಾರ ಸೂತ್ರ.

ಕರ್ನಾಟಕದ ಸ್ಥಿತಿ

ಕರ್ನಾಟಕದಲ್ಲಿ ಚಾರಣವು ಈಗ ಹವ್ಯಾಸಿಗಳ ಕೂಟವಾಗಿ ಉಳಿದಿಲ್ಲ. ವಾಹನ, ವಸತಿ, ಮಾರ್ಗದರ್ಶಿ, ಊಟೋಪಚಾರಗಳನ್ನೊಳಗೊಂಡ ಉದ್ದಿಮೆಯಾಗಿದೆ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ 1,712 ಮೀಟರ್ ಎತ್ತರದ ಕುಮಾರಪರ್ವತದ ಹಾದಿಯಲ್ಲಿ ಕಂಡ ಜನಜಂಗುಳಿಯ ನಂತರ ಅರಣ್ಯ ಇಲಾಖೆಯು ಚಾರಣವನ್ನು ತಾತ್ಕಾಲಿಕವಾಗಿ ನಿರ್ಬಂಧಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಅಂತರಜಾಲ ಕಾಯ್ದಿರಿಸುವಿಕೆ ಜಾರಿಗೆ ಬಂದಿತು. ಒಳಹೋಗುವವರ ಸಂಖ್ಯೆಗೆ ಇದರಿಂದ ಲಗಾಮು ಬಿದ್ದಿರುವುದು ಸ್ವಾಗತಾರ್ಹ. ಆದರೆ ಒಳಹೋದವರು ಹೊರಬಾರದಿದ್ದಾಗ ಮಾಡಬೇಕಾದುದೇನು ಎಂಬುದು ಬೇರೆಯೇ ಪ್ರಶ್ನೆ.

2022ರ ಫೆಬ್ರುವರಿ 20ರಂದು ನಂದಿಬೆಟ್ಟದಲ್ಲಿ ಬಂಡೆಯಿಂದ ಜಾರಿ ಸುಮಾರು 300 ಅಡಿ ಕೆಳಗೆ ಸಿಕ್ಕಿಕೊಂಡ ವಿದ್ಯಾರ್ಥಿಯೊಬ್ಬನನ್ನು ಯಲಹಂಕದಿಂದ ಬಂದ ವಾಯುಪಡೆಯ ಹೆಲಿಕಾಪ್ಟರ್ ಮೇಲೆತ್ತಿತು. ಯಲಹಂಕ ಅಲ್ಲಿಗೆ ಹತ್ತಿರವಿದ್ದುದು, ಬಂಡೆ ಬಯಲಾಗಿದ್ದುದು ಎರಡೂ ಅನುಕೂಲವಾದವು. ಘಟ್ಟದ ದಟ್ಟಕಾಡಿನಲ್ಲಿ, ಮಳೆಮೋಡ ಕವಿದ ಹೊತ್ತಿನಲ್ಲಿ, ಮೇಲೆ ಹಾರುವ ಯಂತ್ರಕ್ಕೆ ಮರದ ಕೆಳಗಿನ ಮನುಷ್ಯ ಕಾಣುವುದೇ ಇಲ್ಲ. ಅಲ್ಲಿ ಅರಣ್ಯ ಸಿಬ್ಬಂದಿ, ಅಗ್ನಿಶಾಮಕ ದಳ ಮತ್ತು ಕಾಡಂಚಿನ ಹಳ್ಳಿಗರೇ ದಿಕ್ಕು. ಊರವರು ಕೆಲಸ ಬಿಟ್ಟು ಹುಡುಕಲು ಹೋಗುತ್ತಾರೆ. ಅವರ ದಿನಗೂಲಿಯನ್ನಾಗಲಿ ವಿಮೆಯನ್ನಾಗಲಿ ಯಾರೂ ವಿಚಾರಿಸುವುದಿಲ್ಲ.

2024ರ ಜೂನ್ ಮೊದಲ ವಾರದ ದುರಂತ ಈ ನಾಡಿಗೆ ಇನ್ನೂ ಹಸಿಯಾಗಿದೆ. ಉತ್ತರಾಖಂಡದ ಸಹಸ್ರತಾಲಕ್ಕೆ ಹೋಗಿದ್ದ 22 ಜನರ ತಂಡ, ಹೆಚ್ಚಿನವರು ಕರ್ನಾಟಕದವರು, 4,000 ಮೀಟರಿಗೂ ಮೇಲ್ಪಟ್ಟ ಎತ್ತರದಲ್ಲಿ ಹಿಮಗಾಳಿಗೆ ಸಿಲುಕಿತು. ಒಂಬತ್ತು ಮಂದಿ ಮರಳಲಿಲ್ಲ. ವಾಯುಪಡೆ ಮತ್ತು ರಾಜ್ಯ ವಿಪತ್ತು ಸ್ಪಂದನಾ ಪಡೆಗಳು ಧಾವಿಸಿದವು, ಆದರೆ ಅದು ಸುದ್ದಿ ಕೆಳಗೆ ತಲುಪಿದ ನಂತರ. ಮೊಬೈಲ್ ಸಂಕೇತವಿಲ್ಲದ ಕಡೆ 112 ಸಂಖ್ಯೆಯೂ ಮೂಕವೇ. ಉಪಗ್ರಹ ಸಂಪರ್ಕ ಸಾಧನವನ್ನು ಅನುಮತಿಯಿಲ್ಲದೆ ಇರಿಸಿಕೊಳ್ಳುವುದು ಭಾರತದಲ್ಲಿ ಅಪರಾಧ. ಭದ್ರತೆಯ ಕಾರಣಗಳು ಅರ್ಥವಾಗುವಂಥವೇ. ಆದರೂ ನೋಂದಾಯಿತ ಚಾರಣ ಸಂಸ್ಥೆಗಳಿಗೆ ಸುಲಭ ಪರವಾನಗಿಯ ವ್ಯವಸ್ಥೆಯಾಗಬೇಕೆಂಬ ಬೇಡಿಕೆಯನ್ನು ವಾಣಿಜ್ಯ ಸಂಸ್ಥೆಗಳೇ ಸರ್ಕಾರದ ಮುಂದಿಡಬಹುದು.

ಉದ್ದಿಮೆದಾರರ ಪಾಲು

ನೌಕರರನ್ನು ವರ್ಷಕ್ಕೊಮ್ಮೆ ಬೆಟ್ಟಕ್ಕೆ ಕಳುಹಿಸುವ ಸಂಸ್ಥೆಗಳು ಇಲ್ಲಿ ಗ್ರಾಹಕರ ಸ್ಥಾನದಲ್ಲಿವೆ. ಗ್ರಾಹಕನು ಬೆಲೆಯನ್ನಷ್ಟೇ ವಿಚಾರಿಸಿದರೆ ಮಾರುವವನು ಬೆಲೆಯನ್ನಷ್ಟೇ ಇಳಿಸುತ್ತಾನೆ. ಮಾರ್ಗದರ್ಶಿಗೆ ನಿರ್ಜನ ಪ್ರದೇಶದ ಪ್ರಥಮ ಚಿಕಿತ್ಸೆಯ ತರಬೇತಿ ಇದೆಯೇ, ಹಿಂತಿರುಗಬೇಕಾದ ಗಡುವು ಎಷ್ಟು ಗಂಟೆ, ಗಡುವು ಮೀರಿದರೆ ಕೆಳಗಿರುವ ಯಾರು ಯಾರಿಗೆ ತಿಳಿಸುತ್ತಾರೆ, 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸದಂತೆ ಕಾರ್ಯಕ್ರಮ ಹಾಕಲಾಗಿದೆಯೇ ಎಂದು ಕೇಳುವ ಅಭ್ಯಾಸ ಬೆಳೆದರೆ ಮಾರುಕಟ್ಟೆಯೇ ಸರಿದಾರಿಗೆ ಬರುತ್ತದೆ. ವಿಮಾ ಪತ್ರವನ್ನೂ ಓದಿ ನೋಡುವುದು ಲೇಸು. ಅಪಘಾತ ವಿಮೆಗಳು ಸಾಹಸ ಕ್ರೀಡೆಯನ್ನು ಹೊರಗಿಡುವುದು ಅಪರೂಪವಲ್ಲ.

ಹಣದ ಮಾರ್ಗವೂ ಇಲ್ಲದಿಲ್ಲ. 2013ರ ಕಂಪನಿಗಳ ಕಾಯ್ದೆಯ 135ನೇ ಕಲಂ ವ್ಯಾಪ್ತಿಗೆ ಬರುವ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕಷ್ಟೆ; ವಿಪತ್ತು ನಿರ್ವಹಣೆಯನ್ನು 2019ರಲ್ಲಿ ಅದರ ಏಳನೇ ಅನುಸೂಚಿಗೆ ಸೇರಿಸಲಾಗಿದೆ. ಘಟ್ಟದ ಒಂದೊಂದು ತಾಲ್ಲೂಕಿನಲ್ಲಿ ಇಪ್ಪತ್ತು ಯುವಕರ ತರಬೇತಿ, ಎರಡು ಸ್ಟ್ರೆಚರ್, ಹಗ್ಗ ಸಾಮಗ್ರಿ, ಗುಂಪು ವಿಮೆ ಇವುಗಳ ಖರ್ಚು ಮಧ್ಯಮ ಗಾತ್ರದ ಕಂಪನಿಗೂ ಹೊರೆಯಾಗದು. ರಕ್ಷಣಾ ಕರೆ ಬಂದ ದಿನ ನೌಕರನಿಗೆ ಸಂಬಳ ಸಹಿತ ರಜೆ ನೀಡುವ ನಿಯಮಕ್ಕಂತೂ ಒಂದು ಸುತ್ತೋಲೆ ಸಾಕು.

ಕಾನೂನಿನ ಒಂದು ಅಂಶ ಮಾತ್ರ ಸರ್ಕಾರದ ಕೈಯಲ್ಲಿದೆ. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ, ಸದುದ್ದೇಶದಿಂದ ನೆರವಾದವರನ್ನು ಮೊಕದ್ದಮೆಗಳಿಂದ ಕಾಪಾಡುತ್ತದೆ. ಅದು ರಸ್ತೆ ಅಪಘಾತಗಳಿಗೆ ಸೀಮಿತ. ಬಸ್ಸು ಉರುಳಿದ ಕಂದರಕ್ಕೆ ಇಳಿದವನಿಗೆ ಆ ಆಶ್ರಯ ಸಿಗುತ್ತದೆ. ಅದೇ ಕಂದರಕ್ಕೆ, ಜಾರಿ ಬಿದ್ದ ಚಾರಣಿಗನಿಗಾಗಿ ಇಳಿದವನಿಗೆ ಆ ಕಲಂ ಅನ್ವಯಿಸುವುದಿಲ್ಲ.