ಹಳೆಯ ನೆಟ್‌ವರ್ಕ್ ಕಾರ್ಡೂ ಅದರ ಡ್ರೈವರೂ

ಕಚೇರಿಯೊಂದು ಕೈಬಿಟ್ಟ ಹಳೆಯ ಗಣಕಯಂತ್ರವು ಡೊಂಬಿವಲಿಯಲ್ಲಿಯೋ ಕಲ್ಯಾಣದಲ್ಲಿಯೋ ಇರುವ ನಮ್ಮಲ್ಲೊಬ್ಬರ ಮನೆಗೆ ಬಂದಿತೆಂದು ಭಾವಿಸೋಣ. ವಿಂಡೋಸಿನ ಹೊಸ ಆವೃತ್ತಿಯನ್ನು ಹೊರುವ ಶಕ್ತಿ ಅದಕ್ಕಿಲ್ಲ. ಆದುದರಿಂದ ಹಣ ಕೊಡದೆ ದೊರೆಯುವ ಲಿನಕ್ಸನ್ನು ಅದರಲ್ಲಿ ಸ್ಥಾಪಿಸಿದೆವು. ಪರದೆ ಬೆಳಗಿತು, ಕೀಲಿಮಣೆ ಹೇಳಿದಂತೆ ಕೇಳಿತು, ಅಂತರಜಾಲವೊಂದು ಮಾತ್ರ ಬಾರದು. ಕಾರ್ಡು ಕೆಟ್ಟಿತೆಂದು ಬಗೆದು ಅದನ್ನು ಭಂಗಾರಿನವನಿಗೆ ಕೊಟ್ಟುಬಿಡುವವರುಂಟು. (ಮರಾಠಿಯ ಭಂಗಾರು ಕನ್ನಡದ ಬಂಗಾರವಲ್ಲವೆಂಬುದನ್ನು ನಾವೆಲ್ಲ ಬಲ್ಲೆವು!) ಆದರೆ ಹಲವು ವೇಳೆ ಕಾರ್ಡಿನಲ್ಲಿ ಯಾವ ದೋಷವೂ ಇರುವುದಿಲ್ಲ, ಅದರೊಡನೆ ಮಾತನಾಡಬಲ್ಲ ಡ್ರೈವರಿನ ಕೊರತೆಯಿರುತ್ತದೆ.

ಡ್ರೈವರೆಂಬುದು ಒಂದು ಚಿಕ್ಕ ತಂತ್ರಾಂಶ. ದುಭಾಷಿಯ ಕೆಲಸ ಅದರದು. ಕಾರ್ಡಿನೊಳಗೆ ರಿಜಿಸ್ಟರುಗಳೆಂಬ ಸಣ್ಣ ಕೋಣೆಗಳಿರುವುವು. ಯಾವ ಕೋಣೆಯಲ್ಲಿ ಯಾವ ಸಂಖ್ಯೆಯನ್ನು ಬರೆದರೆ ಮಾಹಿತಿಯ ಪೊಟ್ಟಣವು ತಂತಿಗೆ ಹೊರಡುವುದೆಂಬುದು ಒಂದೊಂದು ಜಾತಿಯ ಕಾರ್ಡಿನಲ್ಲಿ ಒಂದೊಂದು ಬಗೆ. ಲಿನಕ್ಸಿನ ತಿರುಳಾದ ಕರ್ನೆಲ್ 'ಪೊಟ್ಟಣವನ್ನು ಕಳುಹಿಸು' ಎಂದಷ್ಟೇ ಆಜ್ಞಾಪಿಸುವುದು. ಅದನ್ನು ಆಯಾ ಕಾರ್ಡಿಗೆ ತಿಳಿಯುವಂತೆ ತಿರುಗಿಸುವುದು ಡ್ರೈವರು.

ಅಮೆರಿಕದ ನಾಸಾ ಸಂಸ್ಥೆಯ ಗೊಡಾರ್ಡ್ ಕೇಂದ್ರದಲ್ಲಿ ಡೊನಾಲ್ಡ್ ಬೆಕರರು 1994ರಲ್ಲಿ ಥಾಮಸ್ ಸ್ಟರ್ಲಿಂಗರೊಡನೆ ಸೇರಿ, 16 ಸಾಮಾನ್ಯ ಯಂತ್ರಗಳನ್ನು ಈಥರ್ನೆಟ್ಟಿನಿಂದ ಜೋಡಿಸಿ 'ಬಿಯೋವುಲ್ಫ್' ಎಂಬ ಗಣಕಸಮೂಹವನ್ನು ಕಟ್ಟಿದರು. ಅಗ್ಗದ ಕಾರ್ಡುಗಳಿಂದಲೇ ಕೆಲಸ ಸಾಗಬೇಕಿತ್ತು. ಬೆಕರರು ಲಿನಕ್ಸಿಗಾಗಿ ಅನೇಕ ಡ್ರೈವರುಗಳನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ರಿಯಲ್‌ಟೆಕ್ 8139 ಕಾರ್ಡಿನ ಲಿನಕ್ಸ್ ಡ್ರೈವರಿಗೆ ಅವರ ಬರಹವೇ ಮೂಲ.

ಒಮ್ಮೆ ಬರೆದರೆ ಕೆಲಸ ಮುಗಿಯಿತೇ? ನಮ್ಮ ಲೋಕಲ್ ಗಾಡಿಗಳನ್ನು ನೋಡಿರಿ. ಮುಂಬಯಿಯಲ್ಲಿ 1925ರಲ್ಲಿ ವಿದ್ಯುತ್ ಗಾಡಿಗಳು 1500 ವೋಲ್ಟಿನ ಡಿಸಿ ವಿದ್ಯುತ್ತಿನಿಂದ ಓಡತೊಡಗಿದವು. ಮುಂದೆ ತಂತಿಗಳಿಗೆ 25,000 ವೋಲ್ಟಿನ ಎಸಿ ವಿದ್ಯುತ್ತು ಬಂದಿತು. 2016ರ ಏಪ್ರಿಲಿನಲ್ಲಿ ಹಾರ್ಬರ್ ಮಾರ್ಗದಲ್ಲಿ ಕೊನೆಯ ಡಿಸಿ ಗಾಡಿ ಓಡಿತು. ಡಿಸಿಗೆ ಮಾತ್ರ ಹೊಂದಿದ ಗಾಡಿಯ ಗಾಲಿಗಳೆಷ್ಟು ಗಟ್ಟಿಯಾಗಿದ್ದರೂ ಹೊಸ ತಂತಿಯ ಕೆಳಗೆ ಅದು ಚಲಿಸಲಾರದು. ಕರ್ನೆಲಿನ ಒಳಗಿನ ಏರ್ಪಾಡುಗಳೂ ಹೀಗೆಯೇ ಬದಲಾಗುತ್ತಿರುವುವು. ಬದಲಿಸುವವರು ಕರ್ನೆಲಿನೊಡನೆಯೇ ಇರುವ ಡ್ರೈವರುಗಳನ್ನೂ ತಾವೇ ತಿದ್ದಬೇಕೆಂಬುದು ಲಿನಕ್ಸಿನ ಪದ್ಧತಿ. ತಯಾರಕರು ಮೂಲವನ್ನು ಮುಚ್ಚಿಟ್ಟು ಬೇರೆಯಾಗಿ ಕೊಟ್ಟ ಡ್ರೈವರಿಗೆ ಈ ಉಪಚಾರವಿಲ್ಲ. ಕಂಪನಿ ಮರೆತ ದಿನ ಅದು ಅನಾಥ.

ತಿದ್ದಿದುದನ್ನು ಪರೀಕ್ಷಿಸಲು ಕಾರ್ಡೇ ಉಳಿಯದಿದ್ದರೆ ಡ್ರೈವರನ್ನು ತೆಗೆದುಹಾಕುವುದೂ ಉಂಟು. 2012ರಲ್ಲಿ ಟೋಕನ್ ರಿಂಗ್ ಲಿನಕ್ಸಿನಿಂದ ಹೊರಬಿದ್ದಿತು. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಮುಕ್ತ ವ್ಯವಸ್ಥೆಯವರು ಹಳೆಯ ಈಥರ್ನೆಟ್ ಡ್ರೈವರುಗಳ ಪಟ್ಟಿಯನ್ನು 2018ರಲ್ಲಿ ಪ್ರಕಟಿಸಿ, ಬಳಸುತ್ತಿರುವವರು ತಿಳಿಸಬೇಕೆಂದು ಕೇಳಿದರು. 2021ರ 13ನೆಯ ಆವೃತ್ತಿಯಲ್ಲಿ ಎನ್‌ಇ2000 ಜಾತಿಯ ಡ್ರೈವರು ಹೋಯಿತು, 8139ರದು ಉಳಿಯಿತು. ಇದನ್ನು ಅನ್ಯಾಯವೆಂದು ನಾನು ಹೇಳಲಾರೆ. ಯಾರೂ ನೋಡದ ತಂತ್ರಾಂಶದಲ್ಲಿ ಕಳ್ಳರಿಗೆ ಕಿಂಡಿಯಿರಬಹುದು.

ಇನ್ನು ನಮ್ಮ ಮನೆಯ ಕಾರ್ಡಿನ ಮಾತು. ಪ್ರತಿ ಪಿಸಿಐ ಕಾರ್ಡಿಗೂ ತಯಾರಕರದೊಂದು, ಮಾದರಿಯದೊಂದು ಗುರುತುಸಂಖ್ಯೆಯಿರುವುದು. ಇಂಟೆಲ್ ಕಂಪನಿಯದು 8086. ಅದರ 1978ರ ಪ್ರಸಿದ್ಧ ಸಂಸ್ಕಾರಕದ ಹೆಸರೂ ಅದೇ! ಲಿನಕ್ಸಿನಲ್ಲಿ 'ಎಲ್‌ಎಸ್‌ಪಿಸಿಐ' ಎಂಬ ಆಜ್ಞೆಗೆ ಒಂದು ಅಡ್ಡಗೆರೆಯನ್ನೂ ಎನ್, ಎನ್, ಕೆ ಎಂಬ ಅಕ್ಷರಗಳನ್ನೂ ಸೇರಿಸಿ ಕೊಟ್ಟರೆ ಈ ಸಂಖ್ಯೆಗಳೂ, ಬಳಕೆಯಲ್ಲಿರುವ ಡ್ರೈವರಿನ ಹೆಸರೂ ಕಾಣಿಸುವುವು. ಹೆಸರು ಕಂಡರೆ ತಂತಿಯನ್ನು ಪರೀಕ್ಷಿಸಿರಿ. ಕಾಣದಿದ್ದರೆ ಸಂಖ್ಯೆಯನ್ನು ಬರೆದುಕೊಂಡು, ಆ ಕಾರ್ಡಿಗೆ ಯಾವ ಡ್ರೈವರು ಬೇಕೆಂಬುದನ್ನು ಹುಡುಕಿರಿ. ವೈಫೈ ಕಾರ್ಡಾದರೆ ಫರ್ಮ್‌ವೇರ್ ಎಂಬ ಪ್ರತ್ಯೇಕ ಕಡತವೂ ಬೇಕಾಗಬಹುದು. ಡೆಬಿಯನ್ನಿನವರು 2023ರ 12ನೆಯ ಆವೃತ್ತಿಯಿಂದ ಅಂತಹ ಕಡತಗಳನ್ನು ಸ್ಥಾಪನೆಯ ಪ್ರತಿಯಲ್ಲಿಯೇ ಸೇರಿಸಿ ಕೊಡುತ್ತಿದ್ದಾರೆ.